ಅತ್ತೆಯ ಮೂಗು ಕರೆಯುತ್ತದಂತೆ!

ಕಸ್ಬಾದ ನಮ್ಮ ಗಲ್ಲಿಯಲ್ಲಿ ಹದಿನೆಂಟು ವರ್ಷಗಳಿಂದ ಒಂದೇ ಒಂದು ಕಳ್ಳತನವೂ ಆಗಿರಲಿಲ್ಲ. ಅದಕ್ಕೆ ಕಾರಣ ಪೊಲೀಸರಲ್ಲ, ಬೀದಿನಾಯಿಗಳೂ ಅಲ್ಲ, ನನ್ನ ಸೋದರತ್ತೆ! ಅವರೇನು ರಾತ್ರಿಯಿಡೀ ದೊಣ್ಣೆ ಹಿಡಿದು ಗಸ್ತು ತಿರುಗುತ್ತಿದ್ದರು ಅಂದುಕೊಂಡಿರಾ? ಛೆ, ಛೆ! ಮಲಗುತ್ತಿದ್ದರು, ಅಷ್ಟೇ. ಅವರು ಮಲಗಿದ ಮೇಲೆ ಆ ಮನೆಯಿಂದ ಹೊರಡುತ್ತಿದ್ದ ಸದ್ದನ್ನು ಕೇಳಿದ ಯಾವ ಕಳ್ಳನೂ ಒಳಗೆ ಒಬ್ಬ ಐದಡಿಯ ಹೆಂಗಸು ನಿದ್ದೆ ಹೋಗಿದ್ದಾರೆ ಎಂದು ನಂಬಲು ಸಾಧ್ಯವಿರಲಿಲ್ಲ. ನಾಲ್ಕು ಜನ ಸೇರಿ ಹಲಸಿನ ಮರ ಕೊಯ್ಯುತ್ತಿದ್ದಾರೆ ಎಂದೇ ತಿಳಿದು ಮುಂದಿನ ಗಲ್ಲಿಗೆ ಹೋಗುತ್ತಿದ್ದ.

ಅತ್ತೆ, ಮಾವ ಉಡುಪಿಯ ಕಡೆಯವರು. ಮದುವೆಯಾದ ಹೊಸದರಲ್ಲಿ ಕೋಲ್ಕತ್ತಾಕ್ಕೆ ಬಂದು, ಯಾರ ಯಾರದೋ ಹೋಟೆಲಿನಲ್ಲಿ ದುಡಿದು, ಕೊನೆಗೆ ಕಸ್ಬಾದ ಬಾಡಿಗೆ ಮನೆಯ ಮುಂದಿನ ಎರಡು ಕೋಣೆಗಳನ್ನೇ ಹೋಟೆಲು ಮಾಡಿಕೊಂಡರು. ನಾಲ್ಕು ಮೇಜು, ಒಂದು ದೋಸೆ ಕಾವಲಿ, ಒಂದು ಗ್ರೈಂಡರು. ಮಾವ ಮುಂದೆ ಕೂರುವವರು, ಅತ್ತೆ ಒಳಗೆ ಆಳುವವರು. ಮಕ್ಕಳಿಲ್ಲ. ಅಲಿಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಾಗ ಅಪ್ಪ ನನ್ನನ್ನು ಅವರ ಮನೆಗೇ ಕಳಿಸಿದರು.

ಆಗ ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳು ಅಣಬೆಗಳಂತೆ ಏಳುತ್ತಿದ್ದವು. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ದಕ್ಷಿಣದ ಹುಡುಗ ಹುಡುಗಿಯರು ಇಡ್ಲಿ ಎಲ್ಲಿ ಸಿಗುತ್ತದೆ ಎಂದು ವಾಸನೆ ಹಿಡಿದು ಬರುತ್ತಿದ್ದರು. ಕಂಪನಿಗಳಿಂದ ನೂರು ಇಡ್ಲಿ ಕಳಿಸಿ, ಇನ್ನೂರು ವಡೆ ಕಳಿಸಿ ಎಂದು ಫೋನು. ದೇಶಕ್ಕೆ ಐಟಿ ಬಂದರೆ ಅತ್ತೆಯ ಗ್ರೈಂಡರಿಗೆ ಪುರುಸೊತ್ತಿಲ್ಲ! ಹಾಗಾಗಿ ನಾನು ಹೋದ ಮೊದಲ ರಾತ್ರಿ ಗೋಡೆಯಾಚೆಯಿಂದ ಗರಗರ ಸದ್ದು ಕೇಳಿದಾಗ ನನಗೇನೂ ಅನುಮಾನ ಬರಲಿಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೇಳಿದೆ.

"ಅತ್ತೆ, ರಾತ್ರಿ ಇಡೀ ಗ್ರೈಂಡರ್ ಹಾಕಿದ್ರಲ್ಲ, ಅಷ್ಟು ಹಿಟ್ಟು ಬೇಕಾಗ್ತದಾ?"

"ಗ್ರೈಂಡರಾ? ಎಂತ ಮಾರಾಯ್ತಿ, ರಾತ್ರಿ ಕರೆಂಟೇ ಇರ್ಲಿಲ್ಲ!"

ಮಾವ ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿ ಮುಖ ಮುಚ್ಚಿಕೊಂಡರು. ಪೇಪರು ನಡುಗುತ್ತಿತ್ತು. ಆಮೇಲೆ ತಿಳಿಯಿತು, ಮಾವ ನಗುವ ಕ್ರಮವೇ ಅದು.

ಅತ್ತೆ ಮಾತ್ರ ಒಪ್ಪುವವರಲ್ಲ. "ಹೆಂಗಸರು ಗೊರಕೆ ಹೊಡೀತಾರಾ ಎಲ್ಲಾದ್ರೂ? ಅದೆಲ್ಲ ಗಡ್ಡ ಮೀಸೆ ಇದ್ದವರ ಕೆಲಸ" ಎನ್ನುವುದು ಅವರ ಸಿದ್ಧಾಂತ. ನಮ್ಮ ಮನೆಯ ಮಾಲೀಕರು ಮೇಲಿನ ಮಹಡಿಯಲ್ಲಿದ್ದರು. ನಿವೃತ್ತ ಬಂಗಾಳಿ ಮೇಷ್ಟ್ರು, ಹೋಮಿಯೋಪತಿಯ ಹವ್ಯಾಸ. ಒಂದು ದಿನ ಅವರು ಸಕ್ಕರೆ ಗುಳಿಗೆಯ ಪುಟ್ಟ ಸೀಸೆ ಹಿಡಿದು ಕೆಳಗಿಳಿದು ಬಂದು, ಬಹಳ ಸಂಕೋಚದಿಂದ, "ಬೌಮಾ, ತೋಮಾರ್ ನಾಕ್ ಡಾಕೇ" ಎಂದರು. ಸೊಸೆಯನ್ನು ಕರೆಯುವ ಹಾಗೆ ಅತ್ತೆಯನ್ನು ಅವರು ಬೌಮಾ ಎನ್ನುತ್ತಿದ್ದರು. ಬಂಗಾಳಿಯಲ್ಲಿ ಗೊರಕೆ ಹೊಡೆಯುವುದಕ್ಕೆ ಹಾಗೆಯೇ ಹೇಳುವುದು: ನಿನ್ನ ಮೂಗು ಕರೆಯುತ್ತದೆ!

ಅವರು ಮೇಲೆ ಹೋದದ್ದೇ ತಡ, ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಮೂಗು ಕರೀತದಂತೆ! ಯಾರನ್ನು ಕರೆಯುದು? ನಾನು ಯಾರನ್ನು ಕರೀಬೇಕು? ನನ್ನ ಗಂಡ ಪಕ್ಕದಲ್ಲೇ ಮಲಗಿರ್ತಾರೆ!"

"ಅದೇ ಕಷ್ಟ" ಎಂದರು ಮಾವ, ಪೇಪರಿನ ಹಿಂದಿನಿಂದ.

ಇರಲಿ. ರಾತ್ರಿಯದ್ದು ಅವರವರ ಮನೆಯ ವಿಷಯ. ಅತ್ತೆಯ ವಿಶೇಷವೆಂದರೆ, ಅವರ ಮೂಗು ಹಗಲಲ್ಲೂ ಕರೆಯುತ್ತಿತ್ತು! ಕೂತರೆ ಸಾಕು, ನಿದ್ದೆ. ಅಕ್ಕಿ ಆರಿಸುತ್ತಾ ನಿದ್ದೆ, ಟಿವಿಯಲ್ಲಿ ವಾರ್ತೆ ಶುರುವಾಗುವ ಮೊದಲೇ ನಿದ್ದೆ, ಫೋನಿನಲ್ಲಿ ಆಚೆಯವರು "ಹಲೋ" ಎಂದು ಹೇಳಿ ಮುಗಿಸುವಷ್ಟರಲ್ಲಿ ನಿದ್ದೆ. "ನೋಡು, ಆರೋಗ್ಯ ಚೆನ್ನಾಗಿದ್ದವರಿಗೆ ಮಾತ್ರ ಹೀಗೆ ಕೂತಲ್ಲಿ ನಿದ್ದೆ ಬರುದು" ಎಂದು ನನಗೇ ಪಾಠ ಹೇಳುತ್ತಿದ್ದರು. ನಾನೂ ನಂಬಿದ್ದೆ. ಹಾಸಿಗೆಯಲ್ಲಿ ಹೊರಳಾಡುವ ಜಗತ್ತಿನಲ್ಲಿ, ನಿಂತಲ್ಲೇ ನಿದ್ದೆ ಬರುವವರನ್ನು ನೋಡಿ ಹೊಟ್ಟೆಕಿಚ್ಚುಪಡದವರು ಯಾರು?

ವಾರಕ್ಕೆರಡು ಸಲ ಅತ್ತೆ ಬೆಳಿಗ್ಗೆ ಬಾಲಿಗಂಜ್ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಸಿಯಾಲ್ದಾದ ಮಾರುಕಟ್ಟೆಗೆ ತರಕಾರಿ ತರಲು ಹೋಗುತ್ತಿದ್ದರು. ಹೋಗುವಾಗ ತೊಂದರೆಯಿಲ್ಲ, ಸಿಯಾಲ್ದಾ ಕೊನೆಯ ಸ್ಟೇಷನ್ನು, ನಿದ್ದೆ ಹೋದವರನ್ನು ಜನಪ್ರವಾಹವೇ ಎತ್ತಿ ಇಳಿಸುತ್ತದೆ. ಬರುವಾಗ? ಎರಡನೇ ಸ್ಟೇಷನ್ನೇ ಬಾಲಿಗಂಜ್. ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಯಾರಾದರೂ ಊರು ತಪ್ಪುವಷ್ಟು ನಿದ್ದೆ ಮಾಡುತ್ತಾರೆಯೇ?

ಒಂದು ಭಾನುವಾರ ಒಂಬತ್ತಕ್ಕೆ ಬರಬೇಕಾದ ಅತ್ತೆ ಹನ್ನೆರಡಾದರೂ ಬರಲಿಲ್ಲ. ಮಾವ ಗಲ್ಲಿಯ ತುದಿಗೆ ಏಳು ಸಲ ಹೋಗಿ ಬಂದರು. ಹನ್ನೆರಡೂವರೆಗೆ ಸೈಕಲ್ ರಿಕ್ಷಾದಿಂದ ಅತ್ತೆ ಇಳಿದರು. ಮಾಮೂಲಿ ತರಕಾರಿಯ ಜೊತೆಗೆ ಒಂದು ಗೋಣಿ ಬದನೆಕಾಯಿ. ಮೈಯೆಲ್ಲಾ ಮೀನಿನ ವಾಸನೆ! ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ನಮ್ಮ ಅತ್ತೆ, ಮೀನಿನ ವಾಸನೆ!

"ಎಲ್ಲಿಗೆ ಹೋಗಿದ್ದೆ?" ಎಂದರು ಮಾವ.

"ಕ್ಯಾನಿಂಗ್‌ಗೆ."

ಕ್ಯಾನಿಂಗ್ ಎಂದರೆ ಆ ಲೈನಿನ ಇನ್ನೊಂದು ತುದಿ. ಅಲ್ಲಿಂದ ಮುಂದೆ ರೈಲಿಗೆ ಹಳಿಯಿಲ್ಲ. ಸುಂದರಬನದ ಹೊಳೆಗಳಿಂದ ಬಂದ ಮೀನನ್ನೆಲ್ಲ ರೈಲಿಗೆ ಏರಿಸುವ ಊರು.

"ಅಲ್ಲಿಗೆ ಯಾಕೆ ಹೋದೆ?"

"ಬದನೆ ಒಳ್ಳೇದು ಸಿಗ್ತದೆ ಅಂತ ಹೇಳಿದ್ರು" ಎಂದ ಅತ್ತೆ ಸಾಕ್ಷಿಯ ಗೋಣಿಯನ್ನು ಧಪ್ಪೆಂದು ಕೆಳಗಿಟ್ಟರು. ಮುಂದಿನ ಒಂದು ವಾರ ನಮ್ಮ ಹೋಟೆಲಿನಲ್ಲಿ ಬದನೆಕಾಯಿ ಸಾಂಬಾರು, ಬದನೆಕಾಯಿ ಪಲ್ಯ, ಬದನೆಕಾಯಿ ಬಜ್ಜಿ. ಒಂದು ಸುಳ್ಳಿಗೆ ಎಷ್ಟು ಬದನೆಕಾಯಿ ಬೇಕಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ.

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಇನ್ನೂ ದೊಡ್ಡ ಸಂಗತಿ ನಡೆಯಿತು. ಊಟದ ವ್ಯವಸ್ಥೆ ಅತ್ತೆಯದ್ದೇ ಆದ್ದರಿಂದ ಅವರನ್ನು ಗೌರವದಿಂದ ಮೊದಲ ಸಾಲಿನಲ್ಲಿ ಕೂರಿಸಿದ್ದರು. ಭಾಷಣಕ್ಕೆ ನಿಂತವರು ರೈಲ್ವೆಯ ಒಬ್ಬ ದೊಡ್ಡ ಅಧಿಕಾರಿ. ಅವರು ಮೈಕು ಹಿಡಿದರೆ ಸಾಂಬಾರು ಆರುವವರೆಗೆ ಬಿಡುವವರಲ್ಲ ಎಂದು ಊರಿಗೆಲ್ಲ ಗೊತ್ತು. "ನಮ್ಮ ನಾಡು, ನಮ್ಮ ನುಡಿ" ಎಂದರು. ಅತ್ತೆಯ ಮೂಗು ಕರೆಯಿತು. ಅವರು ಸ್ವರ ಏರಿಸಿದರು. ಅತ್ತೆಯೂ ಏರಿಸಿದರು! ನಾನು ಮೊಣಕೈಯಿಂದ ತಿವಿದೆ, ಚಿವುಟಿದೆ, ಕಾಲು ತುಳಿದೆ. ಮೂರನೇ ನಿಮಿಷಕ್ಕೆ ಅಧಿಕಾರಿಗಳು ಬೆವರೊರೆಸಿಕೊಂಡು "ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ" ಎಂದುಬಿಟ್ಟರು. ಸಭೆ ಕಿವಿಗಡಚಿಕ್ಕುವಂತೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಗೆ ಎಚ್ಚರವಾದ ಅತ್ತೆ ಎಲ್ಲರಿಗಿಂತ ಜೋರಾಗಿ ತಾವೂ ತಟ್ಟಿದರು.

ಊಟದ ಹೊತ್ತಿನಲ್ಲಿ ಸಂಘದ ಕಾರ್ಯದರ್ಶಿ ಅತ್ತೆಯ ಬಳಿ ಬಂದು ಕೈಮುಗಿದರು. "ಅಮ್ಮಾ, ಮುಂದಿನ ವರ್ಷವೂ ನೀವು ಮೊದಲನೇ ಸಾಲಿನಲ್ಲೇ ಕೂರಬೇಕು."

ನಾವೆಲ್ಲ ನಕ್ಕೆವು. ಅತ್ತೆ ನಗಲಿಲ್ಲ. ಮನೆಗೆ ಬರುವವರೆಗೂ ಟ್ಯಾಕ್ಸಿಯ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಮನೆಗೆ ಬಂದು ಚಪ್ಪಲಿ ಬಿಟ್ಟವರೇ ಘೋಷಿಸಿದರು: "ಈ ದರಿದ್ರದ್ದನ್ನು ಒಂದು ತಿಂಗಳಲ್ಲಿ ಓಡಿಸದಿದ್ರೆ ನಾನು ಇವರ ಹೆಂಡತಿಯೇ ಅಲ್ಲ!"

ಮಾವ ಪೇಪರು ಇಳಿಸಿ, ಎರಡೂ ಕಡೆಯ ಲಾಭನಷ್ಟ ಯೋಚಿಸುವವರಂತೆ ಅವರನ್ನೇ ನೋಡಿದರು.

ಅತ್ತೆ ಹಟ ಹಿಡಿದರೆ ಹಿಡಿದದ್ದೇ. ಮೊದಲು ಮೇಷ್ಟ್ರ ಸಕ್ಕರೆ ಗುಳಿಗೆ. ಇಷ್ಟು ಚಿಕ್ಕದ್ದು ಕೆಲಸ ಮಾಡೀತೇ ಎಂದು ಇಡೀ ಸೀಸೆಯನ್ನು ಒಂದೇ ಸಲ ಬಾಯಿಗೆ ಸುರಿದುಕೊಂಡರು. ಮೂಗಿಗೆ ಬಿಸಿ ತುಪ್ಪ ಬಿಟ್ಟುಕೊಂಡರು. ಗೊರಕೆಗೆ ಒಗ್ಗರಣೆಯ ಪರಿಮಳ ಬಂತೇ ಹೊರತು ಸದ್ದು ಇಳಿಯಲಿಲ್ಲ. ಅರಸಿನದ ಹಾಲು, ಕಾಳುಮೆಣಸಿನ ಕಷಾಯ, ಎರಡು ದಿಂಬು, ಮೂರು ದಿಂಬು. ಮೂರು ದಿಂಬಿನ ಮೇಲೆ ಅವರು ಮಲಗಿದರೆ ಮಲಗಿದವರೋ ಕೂತವರೋ ಗೊತ್ತಾಗುತ್ತಿರಲಿಲ್ಲ. ಅಂಗಾತ ಮಲಗಿದರೆ ಗೊರಕೆ ಹೆಚ್ಚು, ರವಿಕೆಯ ಬೆನ್ನಿಗೆ ಚೆಂಡು ಹೊಲಿದುಕೊಂಡರೆ ಮಗ್ಗುಲಾಗಿಯೇ ಮಲಗುತ್ತಾರೆ ಎಂದು ನಮ್ಮ ಕಚೇರಿಯಲ್ಲಿ ಯಾರೋ ಹೇಳಿದ್ದನ್ನು ನಾನು ಬಾಯಿತಪ್ಪಿ ಹೇಳಿದೆ. ಮನೆಯಲ್ಲಿ ಚೆಂಡಿರಲಿಲ್ಲ. ಅಡುಗೆಮನೆಯಲ್ಲಿ ಗಂಧರಾಜ ನಿಂಬೆ ಇತ್ತು. ಎರಡು ದಪ್ಪ ನಿಂಬೆಯನ್ನು ಬಟ್ಟೆಯಲ್ಲಿ ಕಟ್ಟಿ ಬೆನ್ನಿಗೆ ಹೊಲಿದುಕೊಂಡು ಅತ್ತೆ ಮಲಗಿದರು. ಬೆಳಿಗ್ಗೆ ನೋಡಿದರೆ ಅತ್ತೆ ಅಂಗಾತವೇ ಮಲಗಿದ್ದಾರೆ, ಗೊರಕೆ ಸಾಂಗವಾಗಿ ನಡೆದಿದೆ, ಹಾಸಿಗೆಯೆಲ್ಲ ಶರಬತ್ತು!

ಇಷ್ಟಾದರೂ ನಮಗೆ ಇದೆಲ್ಲ ತಮಾಷೆಯೇ ಆಗಿತ್ತು. ಗೊರಕೆ ಎಂದರೆ ತಮಾಷೆಯಲ್ಲದೆ ಇನ್ನೇನು ಎಂದೇ ತಿಳಿದಿದ್ದೆವು.

ತಮಾಷೆ ಮುಗಿದದ್ದು ಒಂದು ಶನಿವಾರ ಬೆಳಿಗ್ಗೆ. ಸಾಲ್ಟ್ ಲೇಕಿನ ಒಂದು ಕಂಪನಿಗೆ ಹತ್ತು ಗಂಟೆಗೆ ಮುನ್ನೂರು ವಡೆ ಹೋಗಬೇಕಿತ್ತು. ನನಗೆ ರಜೆ, ಕೆಳಗೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಅತ್ತೆ ಎಣ್ಣೆಯ ಬಾಣಲೆಯ ಮುಂದೆ ನಿಂತು ವಡೆ ಬಿಡುತ್ತಿದ್ದರು. ಅತ್ತೆಯ ಕೈಗೊಂದು ಲಯವಿತ್ತು. ತಟ್ಟುವುದು, ತೂತು ಮಾಡುವುದು, ಜಾರಿಸುವುದು. ಆ ಲಯ ನಿಂತದ್ದು ನನ್ನ ಗಮನಕ್ಕೆ ಬಂದು ತಲೆಯೆತ್ತಿದೆ. ಅತ್ತೆಯ ಕಣ್ಣು ಮುಚ್ಚಿತ್ತು. ಸೌಟು ಹಿಡಿದ ಕೈ ಹಾಗೇ ಇತ್ತು. ಮೈ ಮಾತ್ರ ನಿಧಾನವಾಗಿ ಮುಂದಕ್ಕೆ, ಬಾಣಲೆಯ ಕಡೆಗೆ, ವಾಲುತ್ತಿತ್ತು.

"ಅತ್ತೇ!" ಎಂದು ಕಿರುಚಿದೆ. ನಾನು ತುರಿಮಣೆಯಿಂದ ಏಳುವಷ್ಟರಲ್ಲಿ, ಜೀವಮಾನದಲ್ಲಿ ಒಂದು ಬಸ್ಸಿಗೂ ಓಡದ ಮಾವ ಹೊರಗಿನಿಂದ ಹೇಗೆ ಬಂದರೋ, ಅತ್ತೆಯ ಸೆರಗು, ರವಿಕೆ, ಜಡೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಹಿಂದಕ್ಕೆಳೆದರು. ಸೌಟು ಎಣ್ಣೆಗೆ ಬಿದ್ದು ಹಾರಿದ ಎಣ್ಣೆ ಅತ್ತೆಯ ಮುಂಗೈ ಸುಟ್ಟಿತು. ಆಗ ಅವರಿಗೆ ಎಚ್ಚರವಾಯಿತು.

"ಎಂತ ಆಯ್ತು? ಯಾಕೆ ಎಳೆದ್ರಿ? ವಡೆ ಕರಟಿ ಹೋಗ್ತದೆ!"

ಮಾವ ಗ್ಯಾಸು ಆರಿಸಿದರು. ಅತ್ತೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ನಿಂತರು. ನೀರು ಸುರಿಯುತ್ತಿತ್ತು. ಅವರ ಗಡ್ಡ ನಡುಗುತ್ತಿತ್ತು. ಈ ಸಲ ನಗುವಲ್ಲ.

"ನೀವೆಲ್ಲ ಇವಳ ಗೊರಕೆಗೆ ನಗ್ತೀರಿ" ಎಂದರು ನನ್ನ ಕಡೆ ತಿರುಗಿ. "ನಾನೂ ನಗ್ತೇನೆ. ಗೊರಕೆ ಇದ್ರೆ ನನಗೆ ಅಡ್ಡಿಯೇ ಇಲ್ಲ, ಒಳ್ಳೇ ನಿದ್ದೆ ಬರ್ತದೆ. ಅದು ನಿಲ್ತದಲ್ಲ, ಆಗ ಎಚ್ಚರ ಆಗ್ತದೆ. ಜೋರು ಹೋಗ್ತಾ ಇರ್ತದೆ, ಒಮ್ಮೆಲೇ ನಿಲ್ತದೆ. ಎದೆ ಮೇಲೆ ಕೆಳಗೆ ಆಗ್ತದೆ, ಉಸಿರು ಬರುದಿಲ್ಲ. ನಾನು ಎಣಿಸ್ತೇನೆ. ಹತ್ತು, ಹದಿನೈದು, ಇಪ್ಪತ್ತು. ಆಮೇಲೆ ಮುಳುಗಿದವರು ಮೇಲೆ ಬಂದ ಹಾಗೆ ಒಂದು ಸಲ ಎಳ್ಕೊಳ್ತಾಳೆ. ಪುನಃ ಗೊರಕೆ. ದಿನಾ ಹೀಗೆ. ಇದು ನಿದ್ದೆಯಲ್ಲ. ಎಂತದ್ದೋ ನನಗೆ ಗೊತ್ತಿಲ್ಲ, ಆದ್ರೆ ನಿದ್ದೆಯಲ್ಲ."

ಅತ್ತೆ ಗಂಡನ ಮುಖವನ್ನೇ ನೋಡುತ್ತಾ, "ಮೂವತ್ತು ವರ್ಷದಲ್ಲಿ ನೀವು ಒಟ್ಟಿಗೆ ಇಷ್ಟು ಮಾತಾಡಿದ್ದು ಇದೇ ಮೊದಲು" ಎಂದರು. ಆಮೇಲೆ ಕೈಗೊಂದು ಒದ್ದೆ ಬಟ್ಟೆ ಸುತ್ತಿಕೊಂಡರು. "ಆಯ್ತು, ಡಾಕ್ಟರ ಹತ್ರ ಹೋಗುವ. ಮೊದಲು ವಡೆ ಹೋಗ್ಲಿ." ವಡೆ ಹತ್ತು ಗಂಟೆಗೆ ಸರಿಯಾಗಿ ಹೋಯಿತು. ಬಾಣಲೆಯ ಮುಂದೆ ಮಾವ ನಿಂತಿದ್ದರು. ಎಲ್ಲ ವಡೆಗಳಿಗೂ ತೂತಿತ್ತು ಎಂದು ಹೇಳಲಾರೆ.

ಅಲಿಪುರದಲ್ಲಿ ನಮ್ಮ ಕಚೇರಿಯ ಹತ್ತಿರವೇ ಒಬ್ಬ ಶ್ವಾಸಕೋಶದ ವೈದ್ಯೆಯ ಚಿಕಿತ್ಸಾಲಯವಿತ್ತು. ಇನ್ನೂ ಚಿಕ್ಕ ವಯಸ್ಸಿನ, ದೊಡ್ಡ ಕನ್ನಡಕದ ಬಂಗಾಳಿ ಹೆಣ್ಣುಮಗಳು. ಅವರು ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆಗೇ ಅತ್ತೆ ದಂಗಾದರು. ಬೆಳಿಗ್ಗೆ ಏಳುವಾಗ ತಲೆನೋವು ಇರುತ್ತದೆಯೇ? ಇರುತ್ತದೆ. ಬಾಯಿ ಒಣಗಿರುತ್ತದೆಯೇ? ಒಣಗಿರುತ್ತದೆ. ಎಂಟು ಗಂಟೆ ಮಲಗಿದರೂ ಮಲಗಿದಂತೆ ಅನ್ನಿಸುವುದಿಲ್ಲವೇ? ಇಲ್ಲ! ರಕ್ತದೊತ್ತಡ ನೋಡಿದರು, ಅದೂ ಏರಿತ್ತು. "ಇವಳಿಗೆ ಯಾರು ಹೇಳಿದ್ದು ಇದೆಲ್ಲ?" ಎಂದು ಅತ್ತೆ ಕನ್ನಡದಲ್ಲಿ ಮಾವನನ್ನು ಗದರಿದರು.

ಡಾಕ್ಟರು ಒಂದು ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು ವಿವರಿಸಿದರು. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲಾಗುತ್ತದೆ. ಉಸಿರಿನ ದಾರಿ ಕಿರಿದಾದರೆ ಗಾಳಿ ಅದುರಿ ಸದ್ದಾಗುತ್ತದೆ, ಅದು ಗೊರಕೆ. ಗೊರಕೆ ಹೊಡೆಯುವವರಿಗೆಲ್ಲ ಕಾಯಿಲೆ ಇರಬೇಕೆಂದಿಲ್ಲ. ಆದರೆ ಕೆಲವರಲ್ಲಿ ಆ ದಾರಿ ಪೂರ್ತಿ ಮುಚ್ಚಿಬಿಡುತ್ತದೆ. ಎದೆ ಎಳೆಯುತ್ತದೆ, ಗಾಳಿ ಹೋಗುವುದಿಲ್ಲ. ರಕ್ತದಲ್ಲಿ ಪ್ರಾಣವಾಯು ಇಳಿಯುತ್ತದೆ. ಮಿದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಎಬ್ಬಿಸಿದ್ದು ಮಲಗಿದವರಿಗೆ ನೆನಪಿರುವುದಿಲ್ಲ. ಹಗಲಿಡೀ ತೂಕಡಿಕೆ ಮಾತ್ರ ಉಳಿಯುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಹಾಗೇ ಬಿಟ್ಟರೆ ಹೃದಯಕ್ಕೂ ಒಳ್ಳೆಯದಲ್ಲ. ಹೆಂಗಸರಿಗೂ ಬರುತ್ತದೆ, ಅವರು ನಾಚಿಕೆಯಿಂದ ಹೇಳುವುದಿಲ್ಲ, ಅಷ್ಟೇ.

ಅತ್ತೆ ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗ್ಯಾಸಿನ ಟ್ಯೂಬು ಮಡಚಿದ ಹಾಗೆ ಅಲ್ವಾ? ಸಿಲಿಂಡರು ತುಂಬ ಉಂಟು, ಒಲೆಗೆ ಬರುದಿಲ್ಲ." ನಾನು ಅದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ಡಾಕ್ಟರು, ಇನ್ನು ಮೇಲೆ ಎಲ್ಲ ರೋಗಿಗಳಿಗೂ ಹಾಗೆಯೇ ಹೇಳುತ್ತೇನೆ ಎಂದರು.

ಪರೀಕ್ಷೆಗೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಬೇಕಿತ್ತು. ತಲೆಗೆ, ಎದೆಗೆ, ಬೆರಳಿಗೆ ವಯರುಗಳನ್ನು ಅಂಟಿಸಿದರು. ಅತ್ತೆ ತಂತ್ರಜ್ಞನಿಗೆ ಎಚ್ಚರಿಕೆ ಕೊಟ್ಟರು: "ನೋಡಪ್ಪಾ, ಯಾರಾದ್ರೂ ನೋಡ್ತಾ ಕೂತ್ರೆ ನನಗೆ ನಿದ್ದೆ..." ಬರುವುದಿಲ್ಲ ಎಂಬ ಮಾತು ಗೊರಕೆಯಲ್ಲಿ ಮುಳುಗಿಹೋಯಿತು. ಫಲಿತಾಂಶ ಬಂತು. ಗಂಟೆಗೆ ಸುಮಾರು ನಲವತ್ತು ಸಲ ಅತ್ತೆಯ ಉಸಿರು ತಡೆಯುತ್ತಿತ್ತು!

ಅತ್ತೆಗೆ ಭಯವಾಗಲಿಲ್ಲ, ಸಿಟ್ಟು ಬಂತು. "ಗಂಟೆಗೆ ನಲವತ್ತು ಸಲ ಬೇರೆ ಯಾರಾದ್ರೂ ನನ್ನನ್ನು ಎಬ್ಬಿಸಿದ್ರೆ ಸುಮ್ಮನೆ ಬಿಡ್ತಿದ್ದೆನಾ ನಾನು?" ಮರುಕ್ಷಣ ಮುಖ ಅರಳಿತು. "ಹಾಗಾದ್ರೆ ನಾನು ಇಷ್ಟು ವರ್ಷ ಹೇಳಿದ್ದೇ ಸರಿ! ಗೊರಕೆ ಹೊಡೀಲಿಕ್ಕೆ ನಿದ್ದೆ ಮಾಡ್ಬೇಕಲ್ಲ? ನಾನು ಮಲಗಿಯೇ ಇಲ್ಲ!" ಈ ತರ್ಕದ ಮುಂದೆ ಡಾಕ್ಟರೂ ಸೋತರು.

ಮದ್ದು ಎಂದರೆ ಗುಳಿಗೆಯಲ್ಲ, ಒಂದು ಯಂತ್ರ. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಅದರಿಂದೊಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಹಾಕುವ ಮುಖವಾಡ. ಅದು ಮೆಲ್ಲಗೆ ಗಾಳಿ ಊದುತ್ತಾ ಗಂಟಲಿನ ದಾರಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಮೊದಲ ರಾತ್ರಿ ಅದನ್ನು ಹಾಕಿಕೊಂಡ ಅತ್ತೆಯನ್ನು ಕಂಡು ಮಾವ ಎರಡು ಕೈಗಳಿಂದ ಕಿವಿ ಹಿಡಿದು ಮೂರು ಬಸ್ಕಿ ಹೊಡೆದರು. "ಎಂತ?" "ಸೊಂಡಿಲು ಕಂಡಿತು, ಗಣಪತಿ ಅಂತ ತಿಳ್ಕೊಂಡೆ." ಹತ್ತು ನಿಮಿಷಕ್ಕೆ ಗಣಪತಿ ಸೊಂಡಿಲು ಕಿತ್ತೆಸೆದಿತ್ತು. ಎರಡನೇ ರಾತ್ರಿಯೂ, ಮೂರನೇ ರಾತ್ರಿಯೂ ಅದೇ ಕತೆ. ಉಸಿರು ಕಟ್ಟುತ್ತದೆ, ಮೂಗು ಉರಿಯುತ್ತದೆ, ಪಟ್ಟಿ ಕೆನ್ನೆ ಕಚ್ಚುತ್ತದೆ.

ಬೇರೆಯವರಾದರೆ ಅಟ್ಟಕ್ಕೆ ಹಾಕುತ್ತಿದ್ದರು. ಎಷ್ಟೋ ಜನ ಹಾಗೇ ಮಾಡುತ್ತಾರಂತೆ. ಎಚ್ಚರವಿದ್ದಾಗ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿ ಮಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಹೊತ್ತು ಎಂಬ ಮಾತು ಅತ್ತೆಯ ನಿಘಂಟಿನಲ್ಲಿಲ್ಲ. ಮರುದಿನ ಸಂಜೆ ನಾನು ಕಚೇರಿಯಿಂದ ಬಂದರೆ, ಹೋಟೆಲಿನ ನಡುಮೇಜಿನಲ್ಲಿ, ಗಿರಾಕಿಗಳ ಮಧ್ಯೆ, ಅತ್ತೆ ಮುಖವಾಡ ಧರಿಸಿ ಬೀನ್ಸು ಹೆಚ್ಚುತ್ತಾ ಕೂತಿದ್ದಾರೆ! ಯಂತ್ರ ಪಕ್ಕದ ಕುರ್ಚಿಯಲ್ಲಿ ಊದುತ್ತಿದೆ. ಐಟಿ ಹುಡುಗನೊಬ್ಬ ದೋಸೆ ತಿನ್ನುವುದನ್ನು ನಿಲ್ಲಿಸಿ, ಚಿಕ್ಕಮ್ಮನನ್ನು ಕರೆಯುವ ಹಾಗೆ, "ಮಾಶಿಮಾ, ವಿಮಾನ ಓಡಿಸಲು ಕಲಿಯುತ್ತಿದ್ದೀರಾ?" ಎಂದು ಬಂಗಾಳಿಯಲ್ಲಿ ಕೇಳಿದ. ಅತ್ತೆ ಮುಖವಾಡ ಸರಿಸಿ, "ಇಲ್ಲ, ನಿದ್ದೆ ಮಾಡಲು ಕಲಿಯುತ್ತಿದ್ದೇನೆ" ಎಂದು ತಮ್ಮದೇ ಹರಕು ಬಂಗಾಳಿಯಲ್ಲಿ ಉತ್ತರಿಸಿ, ಮುಖವಾಡ ಎಳೆದುಕೊಂಡು, ಬೀನ್ಸು ಮುಂದುವರಿಸಿದರು. ಜನ ನಗುತ್ತಾರೆ ಎಂದು ಟ್ಯಾಕ್ಸಿಯಲ್ಲಿ ಮುಖ ತಿರುಗಿಸಿ ಕೂತಿದ್ದ ಅತ್ತೆ ಇವರೇನಾ ಎನಿಸಿತು. ಹತ್ತು ದಿನ ಬೀನ್ಸು, ಹತ್ತು ದಿನ ಕ್ಯಾರೆಟ್ಟು. ಇಪ್ಪತ್ತೊಂದನೇ ರಾತ್ರಿ ಮುಖವಾಡ ಬೆಳಗಿನವರೆಗೆ ಮುಖದ ಮೇಲೇ ಇತ್ತು.

ಬೆಳಿಗ್ಗೆ ಅತ್ತೆ ಎದ್ದು ಬಂದು ಹಣೆ, ಕತ್ತು ಒತ್ತಿ ಒತ್ತಿ ನೋಡಿಕೊಳ್ಳುತ್ತಾ ಕೂತಿದ್ದರು. ತಲೆ ನೋಯುತ್ತದೆಯೇ ಎಂದು ಮಾವ ಕೇಳಿದರು. "ಇಲ್ಲ" ಎಂದರು. "ಅದನ್ನೇ ನೋಡ್ತಾ ಇದ್ದೇನೆ. ಎಲ್ಲಿಯೂ ಏನೂ ನೋಯುದಿಲ್ಲ. ಜನ ದಿನಾ ಬೆಳಿಗ್ಗೆ ಹೀಗೇ ಏಳ್ತಾರಾ?"

ಆ ವಾರ ಸಿಯಾಲ್ದಾದಿಂದ ಬಂದವರೇ ನನ್ನನ್ನು ಕರೆದು ಗುಟ್ಟಿನಂತೆ ಹೇಳಿದರು: "ಗೊತ್ತುಂಟಾ, ನಡುವೆ ಪಾರ್ಕ್ ಸರ್ಕಸ್ ಅಂತ ಒಂದು ಸ್ಟೇಷನ್ ಉಂಟು!" ಹದಿನೆಂಟು ವರ್ಷ ಅದರ ಮೇಲೆ ಹಾದುಹೋದವರು!

ಮೂರು ತಿಂಗಳ ಬಳಿಕ ಡಾಕ್ಟರಿಗೆ ತೋರಿಸಲು ನಾನೂ ಅತ್ತೆಯೂ ಹೋದೆವು. ಅತ್ತೆಯ ಕೈಯಲ್ಲಿ ಡಾಕ್ಟರಿಗೆಂದು ಕಟ್ಟಿದ ಮೈಸೂರು ಪಾಕು. ರಕ್ತದೊತ್ತಡ ಇಳಿದಿತ್ತು. ಡಾಕ್ಟರು ಖುಷಿಯಿಂದ ಬರೆಯುತ್ತಾ, ಸುಮ್ಮನೆ ಕೇಳಿದಂತೆ ಕೇಳಿದರು: ನಿಮ್ಮ ತಂದೆತಾಯಿಯರಲ್ಲಿ ಯಾರಿಗಾದರೂ ಗೊರಕೆ ಇತ್ತೇ? ಇದು ಕೆಲವು ಮನೆತನಗಳಲ್ಲಿ ಬರುವುದುಂಟು.

"ನಮ್ಮ ಅಪ್ಪಯ್ಯನದ್ದು ನೀವು ಕೇಳ್ಬೇಕಿತ್ತು!" ಅತ್ತೆ ನಕ್ಕರು. "ನನ್ನದೆಲ್ಲ ಅದರ ಮುಂದೆ ಎಂತದ್ದೂ ಅಲ್ಲ. ಕೊಟ್ಟಿಗೆಯ ದನ ಎದ್ದು ನಿಲ್ತಿತ್ತು."

ಈಗ ಅವರು?

"ಹೋಗಿ ಎಷ್ಟೋ ವರ್ಷ ಆಯ್ತು. ಐವತ್ತೆರಡಕ್ಕೇ ಹೋದ್ರು. ಪುಣ್ಯವಂತರು, ನಿದ್ದೆಯಲ್ಲೇ..."

ಅತ್ತೆಯ ಮಾತು ಅಲ್ಲಿಗೆ ನಿಂತಿತು. ಅಷ್ಟನ್ನೇ ನಾನು ಹಿಂದಿಗೆ ತಿರುಗಿಸಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಬಹಳ ಮೃದುವಾಗಿ, ಅದೇ ಕಾರಣವೆಂದು ಇವತ್ತು ಯಾರೂ ಹೇಳಲಾರರು, ಹೃದಯಕ್ಕೆ ಸಾವಿರ ಕಾರಣಗಳಿರುತ್ತವೆ ಎಂದರು. ಅತ್ತೆ ತಲೆಯಾಡಿಸಿದರು. ಮೈಸೂರು ಪಾಕಿನ ಕಟ್ಟನ್ನು ಮೇಜಿನ ಮೇಲಿಟ್ಟು ಎದ್ದರು.

ಟ್ಯಾಕ್ಸಿ ಅರ್ಧ ದಾರಿ ಬಂದ ಮೇಲೆ ಮಾತಾಡಿದರು. ನನ್ನನ್ನು ನೋಡದೆ.

"ಅವತ್ತು ನಾನು ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ಹದಿನಾರು ವರ್ಷ. ಅಪ್ಪಯ್ಯನ ಗೊರಕೆಗೆ ನಿದ್ದೆ ಬರದೆ ಹೊರಳಾಡ್ತಿದ್ದೆ. ಬೆಳಗಿನ ಜಾವ ಅದು ನಿಂತಿತು. ನನಗೆ ಕೇಳಿತ್ತು ಮಗಾ, ನಿಂತದ್ದು. 'ಅಬ್ಬ, ಒಮ್ಮೆ ನಿಂತಿತಲ್ಲ' ಅಂತ ಹೇಳಿ ಮಗ್ಗುಲು ತಿರುಗಿ ಮಲಗಿದೆ."

ಅವರ ಸುಟ್ಟ ಗಾಯದ ಕಲೆಯಿದ್ದ ಕೈ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಅತ್ತೆ ಆ ಕೈ ಬಿಡಿಸಿಕೊಂಡು ನನ್ನ ಕಡೆ ತಿರುಗಿದರು.

"ನಿನ್ನ ಅಪ್ಪನಿಗೆ ಎಷ್ಟಾಯ್ತು?"

"ಐವತ್ತೊಂದು."

ನನ್ನ ಅಪ್ಪ ಅತ್ತೆಯ ಒಬ್ಬನೇ ತಮ್ಮ. ಅಪ್ಪ ಗೊರಕೆ ಹೊಡೆಯುತ್ತಾರೆಯೇ? ಅದನ್ನು ಕೇಳುತ್ತಲೇ ಬೆಳೆದವಳು ನಾನು. ಗೋಡೆ ಗಡಿಯಾರದ ಸದ್ದಿನಂತೆ ಅದೊಂದು ಇದೆ ಎಂಬುದೇ ಮರೆತುಹೋಗಿತ್ತು.

"ಫೋನ್ ಕೊಡು" ಎಂದರು ಅತ್ತೆ.

ಅಪ್ಪ ಆಚೆಯಿಂದ ಗಹಗಹಿಸಿ ನಕ್ಕಿದ್ದು ನನಗೂ ಕೇಳಿಸಿತು. "ಅಕ್ಕಾ, ನಿನಗೆ ಮರುಳಾ? ಗೊರಕೆಗೆ ಡಾಕ್ಟ್ರಾ? ಜನ ಕೇಳಿದ್ರೆ ನಗ್ತಾರೆ." ಅತ್ತೆ ವಾದ ಮಾಡಲಿಲ್ಲ. ಫೋನು ನನಗೆ ಕೊಟ್ಟು, "ರೈಲಿನ ಟಿಕೆಟ್ ಮಾಡು" ಎಂದರು. ನೆಂಟರ ಮದುವೆ ಮುಂಜಿಗಳಿಗೂ ಅಡುಗೆಮನೆ ಬಿಡದಿದ್ದವರು, ಮಾವನ ಕೈಗೆ ಸೌಟು ಕೊಟ್ಟು, ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ನಾನೂ ರಜೆ ಹಾಕಿ ಜೊತೆಗೆ ಹೋದೆ. ಹೌರಾದಿಂದ ಚೆನ್ನೈ, ಚೆನ್ನೈಯಿಂದ ಮಂಗಳೂರು, ಅಲ್ಲಿಂದ ಬಸ್ಸು. ಮೂರು ದಿನ.

ಮನೆ ತಲುಪಿದಾಗ ಮಧ್ಯಾಹ್ನ. ಅಪ್ಪ ಇನ್ನೂ ನಗುತ್ತಲೇ ಇದ್ದರು. ಊಟ ಮುಗಿಸಿ, "ನೀನು ಸ್ನಾನ ಮಾಡಿ ಸುಧಾರಿಸ್ಕೋ ಅಕ್ಕ, ಆಮೇಲೆ ಮಾತಾಡುವ" ಎಂದು ಚಾವಡಿಯ ಮಂಚದ ಮೇಲೆ ಅಡ್ಡಾದರು. ಹತ್ತೇ ನಿಮಿಷ, ಗೊರಕೆ ಶುರುವಾಯಿತು. ಅತ್ತೆ ಮಂಚದ ಪಕ್ಕಕ್ಕೊಂದು ಮಣೆ ಎಳೆದುಕೊಂಡು ಕೂತರು. ಮೂರು ದಿನದ ರೈಲಿನ ಧೂಳು ಸೀರೆಯ ಮೇಲೆ ಹಾಗೇ ಇತ್ತು. ಬಿಸಿನೀರು ಕಾದಿದೆ ಎಂದು ಅಮ್ಮ ಎರಡು ಸಲ ಬಂದು ಕರೆದರು. ಅತ್ತೆ ಕೈಸನ್ನೆಯಲ್ಲೇ ತಡೆದು, ಅಂಗೈಯನ್ನು ತಮ್ಮನ ಎದೆಯ ಮೇಲಿಟ್ಟರು.

ಗೊರಕೆ ಏರಿತು, ಇನ್ನೂ ಏರಿತು, ಒಮ್ಮೆಲೇ ನಿಂತಿತು. ಮನೆಯೊಳಗೆ ಸದ್ದೇ ಇಲ್ಲ. ಇದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬೆಳೆದ ನಾನು ಆ ಮೌನವನ್ನು ಮೊದಲ ಸಲ ಕೇಳಿದೆ.

"ತಮ್ಮಾ! ಏಳು, ತಮ್ಮಾ!" ಅತ್ತೆ ಎರಡೂ ಕೈಗಳಿಂದ ಅವರನ್ನು ಅಲುಗಿಸುತ್ತಿದ್ದರು. ಅಪ್ಪ ದೀರ್ಘವಾಗಿ ಉಸಿರೆಳೆದುಕೊಂಡು ಕಣ್ಣು ಬಿಟ್ಟು, "ಎಂತ ಅಕ್ಕ? ಎಂತ ಆಯ್ತು?" ಎಂದರು.

"ಎಂತ ಇಲ್ಲ, ಎಂತ ಇಲ್ಲ. ನೀನು ಮಲಗು. ನಾನು ಕೇಳ್ತಾ ಇದ್ದೇನೆ."

ಅಪ್ಪ ಅಕ್ಕನ ಮುಖವನ್ನೇ ಬಹಳ ಹೊತ್ತು ನೋಡಿದರು. ನಗಲಿಲ್ಲ. ಅಪ್ಪಯ್ಯ ತೀರಿಕೊಂಡಾಗ ಅವರಿಗೆ ಹನ್ನೊಂದು ವರ್ಷ. ಅವರಿಗೆ ಏನು ಕಂಡಿತೋ, ಎಷ್ಟು ತಿಳಿಯಿತೋ, ನನಗೆ ಗೊತ್ತಿಲ್ಲ. "ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗುವ, ನೀನೇ ಕರ್ಕೊಂಡು ಹೋಗು" ಎಂದು ಮಗ್ಗುಲಾಗಿ ಕಣ್ಣು ಮುಚ್ಚಿಕೊಂಡರು. ಅತ್ತೆ ಒಂದು ಕೈಯಲ್ಲಿ ಸೆರಗೆತ್ತಿ ಕಣ್ಣೊರೆಸಿಕೊಂಡರು. ಇನ್ನೊಂದು ಕೈಯನ್ನು ತಮ್ಮನ ಬೆನ್ನಿನಿಂದ ತೆಗೆಯಲಿಲ್ಲ.